ರೈಟ್ ಅಂದರೆ ಹೋಗು

ಮೊದಲ ಊರಿನ ದೋಣಿ ನಿಲ್ಲುವ ಧಕ್ಕೆಯಲ್ಲಿ ಬೋಟು ಕಟ್ಟಿ ನಿಲ್ಲಿಸಲು ದಿನಕ್ಕೆ ನಲವತ್ತು ರೂಪಾಯಿ, ಕುಡಿಯುವ ನೀರು ಪುಕ್ಕಟೆ. ಮೂರನೆಯ ಊರಿನಲ್ಲಿ ಅರವತ್ತು, ನೀರಿಗೆ ಕೊಡಕ್ಕೆ ಎರಡರಂತೆ ಬೇರೆ. ಐದನೆಯ ಊರಿನಲ್ಲಿ ಕಟ್ಟಲು ಏನೂ ಕೊಡಬೇಕಿರಲಿಲ್ಲ, ಆದರೆ ಧಕ್ಕೆಯ ಮೇಲಿದ್ದ ಒಂದೇ ಒಂದು ಅಂಗಡಿಯವನು ಬ್ರೆಡ್ಡಿಗೂ ಟೊಮೇಟೊಗೂ ದುಪ್ಪಟ್ಟು ಹೇಳಿ ಊರಿನ ಮಾನ ಕಾಪಾಡಿದ್ದ; ಮೂರು ಬೀದಿ ಒಳಗೆ ನಡೆದರೆ ಅದೇ ಬ್ರೆಡ್ಡು ಅರ್ಧಕ್ಕೆ ಸಿಗುತ್ತಿತ್ತು. ಡೀಸೆಲ್ ಮಾತ್ರ ಯಾವ ಊರಲ್ಲೂ ಯಾರ ಮುಲಾಜಿಗೂ ಇಳಿದಿರಲಿಲ್ಲ. ಒಂಬತ್ತನೆಯ ಊರಿನ ಧಕ್ಕೆ ಕಣ್ಣಿಗೆ ಬಿದ್ದಾಗ ಕಂಡಕ್ಟರ್ ಬೋಟಿನ ಮೂತಿಯಲ್ಲಿ ಹಗ್ಗದ ಸುರುಳಿ ಹಿಡಿದು ನಿಂತಿದ್ದಳು. ಧಕ್ಕೆಯ ಕಂಬಗಳಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಎಪ್ಪತ್ತಕ್ಕೆ ಕಮ್ಮಿ ಬಿಡಲ್ಲ ಇವರು, ಅಂದುಕೊಂಡಳು.

ಅವಳು ಈಗ ಯಾವ ಬಸ್ಸಿನ ಕಂಡಕ್ಟರೂ ಅಲ್ಲ. ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಇಪ್ಪತ್ತೇಳು ವರ್ಷ ಒಂದೇ ರೂಟಿನಲ್ಲಿ ಅವನು ಡ್ರೈವರ್, ಅವಳು ಕಂಡಕ್ಟರ್. ನಡುವೆ ಎಲ್ಲೋ ಒಂದು ರಜೆಯ ದಿನ ಮದುವೆಯನ್ನೂ ಮುಗಿಸಿಕೊಂಡಿದ್ದರು. ಒಂದೇ ದಿನ ಇಬ್ಬರೂ ನಿವೃತ್ತರಾಗಿ, ಬಂದ ಹಣದಲ್ಲಿ ಈ ಹಳೆಯ ಸರಕಿನ ಬೋಟು ಕೊಂಡರು. ಬಸ್ಸಿನಷ್ಟೇ ಅಗಲ, ಬಸ್ಸಿಗಿಂತ ನಿಧಾನ. ಒಳಗೆ ಒಂದು ಮಂಚ, ಒಂದು ಒಲೆ, ಎರಡು ಕಿಟಕಿ. ಇಷ್ಟು ವರ್ಷ ಒಂದೇ ರಸ್ತೆಯಲ್ಲಿ ಹೋಗಿ ಬಂದದ್ದು ಸಾಕು, ಇನ್ನು ನೀರು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿನ ಸಣ್ಣ ಸಣ್ಣ ಊರು ನೋಡೋಣ ಎಂದವನು ಡ್ರೈವರ್. ಬೋಟಿನಲ್ಲಿ ಇದ್ದದ್ದಕ್ಕೆಲ್ಲ ಅವನು ಬಸ್ಸಿನ ಹೆಸರನ್ನೇ ಇಟ್ಟಿದ್ದ. ಚುಕ್ಕಾಣಿ ಸ್ಟೇರಿಂಗ್, ಧಕ್ಕೆ ಸ್ಟಾಪು, ಲಂಗರು ಹ್ಯಾಂಡ್‌ಬ್ರೇಕು. ಚುಕ್ಕಾಣಿಯ ಮೇಲಿನ ಮೊಳೆಯಲ್ಲಿ ಅವನ ಪ್ರಶಸ್ತಿಪತ್ರದ ಫ್ರೇಮು ತೂಗುತ್ತಿತ್ತು: ಒಂದೂ ಅಪಘಾತವಿಲ್ಲದ ಇಪ್ಪತ್ತೇಳು ವರ್ಷದ ಸೇವೆಗೆ ಡಿಪೋದವರು ಕೊಟ್ಟದ್ದು. ಬೋಟು ಅಲುಗಾಡಿದಾಗಲೆಲ್ಲ ಅದು ಟಕ್ ಟಕ್ ಎಂದು ಹಲಗೆಗೆ ಬಡಿಯುತ್ತಿತ್ತು.

ಅವರಿಬ್ಬರ ನಡುವೆ ಕೆಲಸದ ಮಾತು ಎರಡೇ. ಜನ ಹತ್ತಿಯಾದ ಮೇಲೆ ಅವಳು "ರೈಟ್" ಅನ್ನಬೇಕು, ಅಂದರೆ ಹೋಗು. "ಹೋಲ್ಡಾನ್" ಅಂದರೆ ನಿಲ್ಲು. ಎಡ ಬಲ ಹೇಳುವುದು ಕಂಡಕ್ಟರ್ ಕೆಲಸವಲ್ಲ, ಅದನ್ನು ರಸ್ತೆಯೇ ಹೇಳುತ್ತದೆ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ರೈಟ್ ಬರದೆ ಅವನು ಗಾಡಿಯನ್ನು ಒಂದು ಗೇಣೂ ಕದಲಿಸಿದವನಲ್ಲ. ಮನೆಯಲ್ಲಿ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಆ ಎರಡು ಮಾತು ಮಾತ್ರ ನಡೆಯುತ್ತಿದ್ದವು.

ಧಕ್ಕೆ ಹತ್ತಿರವಾಯಿತು. ಉದ್ದ ಕಾಲಿನ ಒಬ್ಬ ಕಾವಲುಗಾರ ಅಂಚಿನಲ್ಲಿ ನಿಂತು ತೋಳು ಬೀಸುತ್ತಿದ್ದ. ಊರವರು ಅವನನ್ನು ಕೊಕ್ಕರೆ ಅನ್ನುತ್ತಾರೆಂದು ಆಮೇಲೆ ಗೊತ್ತಾಯಿತು. "ರೈಟ್! ರೈಟ್!" ಎಂದು ಕೂಗಿದ. ಆ ಮಾತು ಕಿವಿಗೆ ಬಿದ್ದದ್ದೇ ಕಂಡಕ್ಟರ್ ಕಾಲು ತಾನಾಗಿ ಅಗಲವಾಗಿ ಊರಿ ನಿಂತಿತು, ಗಾಡಿ ಹೊರಡುವಾಗ ನಿಲ್ಲುವ ಹಾಗೆ. ಹಿಂದೆ ಎಂಜಿನ್ ಜೋರಾಯಿತು. ಆಗ ಅವಳು ನೋಡಿದಳು. ಕೊಕ್ಕರೆಯ ಕೈಯಲ್ಲಿ ಒಂದು ಕೆಂಪು ಟವೆಲ್ಲಿತ್ತು. ಅದನ್ನು ಅವನು ಬಲಕ್ಕೆ, ಮತ್ತೆ ಬಲಕ್ಕೆ ಬೀಸುತ್ತಿದ್ದ. "ಹೋಲ್ಡಾನ್" ಎಂದು ಕಿರುಚಿದಳು. ಹಿಂದೆ ಡ್ರೈವರ್ ಬ್ರೇಕು ಹಾಕುವವನ ಹಾಗೆ ಬಲಗಾಲು ಒತ್ತಿರಬೇಕು. ನೀರಿಗೆ ಬ್ರೇಕು ಎಲ್ಲಿಂದ ಬರಬೇಕು? ಹಳೆಯ ಧಕ್ಕೆಯ ಮುರುಕು ಕಂಬವೊಂದು ನೀರಿನಡಿ ತಲೆಮರೆಸಿಕೊಂಡಿತ್ತು. ಬೋಟಿನ ಎಡಗೆನ್ನೆ ಅದಕ್ಕೆ ಹೋಗಿ ಗುದ್ದಿತು.

ಎರಡು ಹಲಗೆ ಬಿರಿದವು. ಮಂಚದ ಹಾಸಿಗೆ, ಅವಳ ಎರಡು ಸೀರೆ ಬಿರುಕಿಗೆ ತುರುಕಿ, ಕೊಕ್ಕರೆ ಹಗ್ಗ ಎಳೆದು, ಬೋಟನ್ನು ರಿಪೇರಿ ಜಾಗಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಅರ್ಧ ಊರು ಸೇರಿತ್ತು.

"ರೈಟ್ ರೈಟ್ ಅಂತ ಗಂಟಲು ಹರ್ಕೊಂಡೆ," ಎಂದ ಕೊಕ್ಕರೆ. "ನೆಟ್ಟಗೆ ಬಂದು ಗುದ್ದಿದ್ರಲ್ಲ ಸ್ವಾಮಿ."

ಡ್ರೈವರ್ ಮುಖ ಬಿಳುಚಿತ್ತು. ಒದ್ದೆ ತೋಳು ಮಡಚಿಕೊಳ್ಳುತ್ತ ಹೇಳಿದ: "ರೈಟ್ ಅಂದ್ರೆ ಹೋಗು ಅಂತ ಅಲ್ವೇನಪ್ಪಾ? ಇಪ್ಪತ್ತೇಳು ವರ್ಷ ಹೆಂಡ್ತಿ ಬಾಯಲ್ಲಿ ಅದನ್ನೇ ಕೇಳಿದ್ದು. ನೀನು ಹೇಳ್ದೆ, ನಾನು ಹೋದೆ."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು, ಕೊಕ್ಕರೆಯೂ ಸೊಂಟ ಹಿಡಿದುಕೊಂಡು ನಕ್ಕ. ಧಕ್ಕೆಗೆ ಧಕ್ಕೆ ತಂದ ಡ್ರೈವರ್ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ಟೀ ಅಂಗಡಿಯವನು ಕರೆದು ಕೂರಿಸಿ, ಕಥೆ ಹೇಳಿಸಿ, ಟೀಗೆ ಕಾಸು ಬೇಡವೆಂದ. ಮರುದಿನ ಬಡಗಿಗೆ, ಅದರ ಮರುದಿನ ಬಲೆ ಹೆಣೆಯುವವರಿಗೆ ಡ್ರೈವರ್ ಅದನ್ನೇ ಹೇಳಿದ. ಹೇಳುತ್ತ ಹೇಳುತ್ತ ಕಥೆ ನುಣುಪಾಯಿತು. ಮೂರನೆಯ ಸಲದ ಕಥೆಯಲ್ಲಿ ಕೊಕ್ಕರೆ ಜೇಬಿನಲ್ಲಿ ಕೈ ಇಟ್ಟುಕೊಂಡು ಆರಾಮಾಗಿ ನಿಂತು "ರೈಟ್" ಅಂದಿದ್ದ.

ಕಂಡಕ್ಟರ್ ಅಲ್ಲೇ ಕೂತು ಕೇಳುತ್ತಿದ್ದಳು. ಮೊದಲ ಸಲ ಅವಳೂ ನಕ್ಕಿದ್ದಳು. ಆದರೆ ಗುದ್ದಿದ ದಿನವೇ ಮಧ್ಯಾಹ್ನ ಬೋಟಿನಿಂದ ನೀರು ಎತ್ತಿ ಹಾಕಲು ಬಂದ ಕೊಕ್ಕರೆ, ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಒಂದು ಮಾತು ಅಂದಿದ್ದ. "ಈ ಟವೆಲ್ ಬೀಸಿದ್ರೆ ಆ ದಡದಲ್ಲಿ ಮೇಯೋ ದನ ಕೂಡ ತಿರುಗಿ ನೋಡುತ್ತೆ ಅಕ್ಕಾ. ನಿಮ್ಮೆಜಮಾನ್ರು ಮಾತ್ರ ನೋಡ್ಲಿಲ್ಲ." ಅವನು ತಮಾಷೆಗೆ ಅಂದದ್ದು. ಅವಳ ನಗು ಅಲ್ಲಿಗೇ ನಿಂತಿತು.

ಟಿಕೆಟ್ ತೆಗೆಯದವನನ್ನು ಹಿಡಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಜೋರು ಮಾಡಬಾರದು, ಕೈ ಚಾಚಬಾರದು. ಪಕ್ಕದಲ್ಲಿ ಸುಮ್ಮನೆ ನಿಂತರೆ ಸಾಕು, ಅವನೇ ಕಿಟಕಿಯಾಚೆ ನೋಡಲು ಶುರುಮಾಡುತ್ತಾನೆ. ಹಾಗೆ ಅವಳು ಎರಡು ದಿನ ಗಂಡನ ಪಕ್ಕದಲ್ಲಿ ಸುಮ್ಮನೆ ನಿಂತಳು. ಟೀ ಬಗ್ಗಿಸುವಾಗ ಅವನು ಲೋಟದ ಅಂಚಿಗೆ ಬೆರಳು ಇಟ್ಟುಕೊಳ್ಳುತ್ತಿದ್ದ. ಬಡಗಿ ಮಾತಾಡಿದರೆ ಮುಖವನ್ನು ಕೊಂಚ ಓರೆಮಾಡಿ, ಕೋಳಿ ನೋಡುವಂತೆ ಪಕ್ಕದಿಂದ ನೋಡುತ್ತಿದ್ದ. ನಾಲ್ಕನೆಯ ಊರಿನಿಂದ ಈಚೆ ಅಂಗಡಿ ಬೋರ್ಡುಗಳನ್ನೆಲ್ಲ "ಓದಮ್ಮ ಕಂಡಕ್ಟ್ರೇ, ಯಾವ ಸ್ಟೇಜು ಇದು" ಎಂದು ಅವಳಿಂದಲೇ ಓದಿಸುತ್ತಿದ್ದ. ಅದನ್ನು ಅವಳು ಆಟವೆಂದುಕೊಂಡಿದ್ದಳು. ಏಳನೆಯ ಊರಿನಲ್ಲಿ ಹಗ್ಗದ ಮೇಲೆ ಒಣಗಲು ಹಾಕಿದ್ದ ಯಾರದೋ ಕೋಟಿಗೆ ನಮಸ್ಕಾರ ಮಾಡಿದ್ದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು ಇಬ್ಬರೂ.

ಇದಕ್ಕೆಲ್ಲ ವಯಸ್ಸು ಅನ್ನಬಹುದಿತ್ತು. ಕನ್ನಡಕ ಬದಲಿಸಿದರೆ ಆದೀತು ಅನ್ನಬಹುದಿತ್ತು. ಆದರೆ ನೇರ ಎದುರಿಗೆ, ಇಪ್ಪತ್ತು ಮಾರು ದೂರದಲ್ಲಿ ಬೀಸಿದ ಕೆಂಪು ಟವೆಲ್ಲು. ಅದನ್ನು ಅವಳು ಯಾವ ಲೆಕ್ಕಕ್ಕೂ ಸೇರಿಸಲಾರದೆ ಹೋದಳು.

ಮೂರನೆಯ ದಿನ ಸಂಜೆ ಬಡಗಿ ಹೊಸ ಹಲಗೆಗೆ ಬಣ್ಣ ಬಳಿದು ಕೈ ತೊಳೆದುಕೊಂಡ. ಮುಂದಿನ ದಾರಿಯನ್ನು ಅವನೇ ವಿವರಿಸಿದ. ಇಲ್ಲಿಂದ ಮುಂದಿನ ಊರಿಗೆ ಹೋಗಬೇಕೆಂದರೆ ನದಿ ಸಮುದ್ರ ಸೇರುವ ಬಾಯಲ್ಲಿ ಒಂದು ಮರಳದಿಬ್ಬ ದಾಟಬೇಕು. ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಮಾತ್ರ ಇಷ್ಟು ಭಾರದ ಬೋಟು ಅದರ ಮೇಲೆ ತೇಲುತ್ತದೆ. ನಾಳೆ ಬೆಳಗ್ಗೆ ಒಂಬತ್ತಕ್ಕೆ ನೀರು ತುಂಬುತ್ತದೆ, ಒಂಬತ್ತೂವರೆಗೆ ಇಳಿಯಲು ಶುರು. ಅದು ತಪ್ಪಿದರೆ ಅಮಾವಾಸ್ಯೆಯವರೆಗೆ ಇಲ್ಲೇ. ದಾರಿ ತೋರಿಸಲು ನಡುವೆ ನೆಟ್ಟ ಬಿದಿರ ಗಳಗಳನ್ನು ಎಡಕ್ಕೆ ಬಿಟ್ಟುಕೊಂಡು ಹೋಗಬೇಕು. ಇನ್ನೊಂದು ವಿಷಯ, ಆ ಹೊತ್ತಿಗೇ ಆಚೆ ದಡದ ಶಾಲೆಗೆ ಹೋಗುವ ಮಕ್ಕಳ ದೋಣಿ ಗಳಗಳ ನಡುವೆ ಅಡ್ಡ ಹಾಯುತ್ತದೆ. ಸ್ವಲ್ಪ ನೋಡಿಕೊಂಡು.

"ಮಕ್ಕಳ ಬಸ್ಸಿಗೆ ಸೈಡು ಕೊಡದೆ ಇರ್ತೀನಾ?" ಎಂದು ಡ್ರೈವರ್ ನಕ್ಕ. ನಗುವಾಗ ಅವನು ಬಡಗಿಯ ಕಡೆ ನೋಡುತ್ತಿರಲಿಲ್ಲ. ನೀರಿನ ಕಡೆ ನೋಡುತ್ತಿದ್ದ.

ಬೆಳಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಎಂಜಿನ್ ಶುರುವಾಯಿತು. ನೀರು ಧಕ್ಕೆಯ ಮೇಲಿನ ಮೆಟ್ಟಿಲವರೆಗೆ ಬಂದಿತ್ತು. ಹಿಂದಿನ ಹಗ್ಗ ಬಿಚ್ಚಿಯಾಗಿತ್ತು. ಮೂತಿಯ ಹಗ್ಗ ಕಂಡಕ್ಟರ್ ಕೈಯಲ್ಲಿ, ಕಂಬಕ್ಕೆ ಒಂದೇ ಸುತ್ತು. ಕೊಕ್ಕರೆ ಧಕ್ಕೆಯ ಮೇಲೆ ನಿಂತಿದ್ದ. ಎಡಗಡೆ ಮಕ್ಕಳ ದೋಣಿ ತುಂಬುತ್ತಿತ್ತು. ಕಂಡಕ್ಟರ್ ಅಭ್ಯಾಸಬಲದಿಂದ ತಲೆ ಎಣಿಸಿದಳು. ಹದಿನೆಂಟು. ಹಿಂದಿನಿಂದ ಇಬ್ಬರು ಓಡಿ ಬಂದರು. ಇಪ್ಪತ್ತು.

ಅವಳು ಈಗ ಸುತ್ತು ಬಿಡಿಸಿ ರೈಟ್ ಅನ್ನಬೇಕು.

ಅನ್ನಲಿಲ್ಲ.

ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಗಾಜಿನ ಹಿಂದೆ ಡ್ರೈವರ್ ಎರಡೂ ಕೈ ಚುಕ್ಕಾಣಿಯ ಮೇಲಿಟ್ಟು ಕಾಯುತ್ತಿದ್ದ, ಡಿಪೋದ ಗೇಟಿನಲ್ಲಿ ಕಾಯುತ್ತಿದ್ದ ಹಾಗೆಯೇ, ಗದ್ದ ಸ್ವಲ್ಪ ಮೇಲೆತ್ತಿ. ಮಕ್ಕಳ ದೋಣಿ ಕದಲಿತು. ಕೊಕ್ಕರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ನೀರು ಇಳಿಯಲು ಶುರುವಾದರೆ ಮುಗಿಯಿತೆಂದು ಅವನು ಮೆಲ್ಲನೆ ನೆನಪಿಸಿದ. ಅವಳ ಕಣ್ಣು ಮಕ್ಕಳ ದೋಣಿಯ ಮೇಲಿತ್ತು.

"ಕಂಡಕ್ಟ್ರೇ," ಒಳಗಿನಿಂದ ದನಿ ಬಂತು. "ಹತ್ತಿದ್ದಾಯ್ತಾ ಎಲ್ಲಾ? ರೈಟ್ ಹೇಳಿ."

ಅವಳು ಹಗ್ಗದ ಸುತ್ತು ಬಿಡಿಸಲಿಲ್ಲ.

"ರೀ ಕಂಡಕ್ಟ್ರೇ."

ಎರಡನೆಯ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. ಆದರೂ ಅವನು ಬೋಟನ್ನು ಕದಲಿಸಲಿಲ್ಲ. ಕದಲಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನ ಮೇಲೆ ಅವಳಿಗಿದ್ದ ಅಧಿಕಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಇಷ್ಟು ವರ್ಷ ಅದನ್ನು ಹೇಳಿಯೇ ಚಲಾಯಿಸಿದ್ದಳು. ಕಂಬಕ್ಕೆ ಇನ್ನೆರಡು ಸುತ್ತು ಹಾಕಿ, ಗಂಟು ಬಿಗಿದು, ಒಳಗೆ ಹೋದಳು.

"ಯಾಕೆ ಹೇಳ್ಲಿಲ್ಲ?" ಎಂದ, ಮುಂದೆಯೇ ನೋಡುತ್ತ.

"ಟವೆಲ್ ಯಾವ ಬಣ್ಣದ್ದು ಇತ್ತು?"

"ಯಾವ ಟವೆಲ್ಲು?"

ಫ್ರೇಮು ಟಕ್ ಟಕ್ ಎನ್ನುತ್ತಿತ್ತು. ಕೇಳಿದ ಮೇಲೆ ಅವನಿಗೇ ಅರ್ಥವಾಯಿತು. ಕೈ ಚುಕ್ಕಾಣಿಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವಳು ಬಗ್ಗಿ ಎಂಜಿನ್ ನಿಲ್ಲಿಸಿದಳು. ಹೊರಗೆ ಮಕ್ಕಳ ಗದ್ದಲ ದೂರವಾಗುತ್ತ ಹೋಯಿತು.

ಎಡಗಣ್ಣಿನಲ್ಲಿ ಶುರುವಾದದ್ದು, ಆಮೇಲೆ ಎರಡಕ್ಕೂ ಬಂತು ಎಂದು ಅವನು ಹೇಳಿದ. ಮಧ್ಯದಲ್ಲಿ ಒಂದು ಮಸಿಯ ಕಲೆ. ನೇರ ನೋಡಿದರೆ ನೋಡಿದ್ದೇ ಇರುವುದಿಲ್ಲ, ಪಕ್ಕಕ್ಕೆ ನೋಡಿದರೆ ಇರುತ್ತದೆ. ಅಂಚೆಲ್ಲ ಚೆನ್ನಾಗಿಯೇ ಕಾಣುತ್ತದೆ, ಮರ, ಆಕಾಶ, ದಡ. ಅವಳ ಮುಖ ನೋಡಬೇಕಾದರೆ ಅವಳ ಕಿವಿಯನ್ನು ನೋಡಬೇಕು. ಅದನ್ನು ಹೇಳುವಾಗ ಅವನು ನಗಲು ನೋಡಿದ, ಆಗಲಿಲ್ಲ.

"ಯಾವಾಗಿಂದ?"

"ಬೋಟು ತಗೊಳ್ಳೋಕೆ ಮುಂಚೆಯಿಂದ."

"ಮುಂಚೆ ಅಂದ್ರೆ?"

ಅವನು ಉತ್ತರ ಕೊಡುವ ಮೊದಲೇ ಅವಳಿಗೆ ಹೊಳೆಯಿತು. ಬಸ್ಸಿನವರಿಗೆ ಪ್ರತಿವರ್ಷ ಕಣ್ಣಿನ ಪರೀಕ್ಷೆ ಇತ್ತು.

"ಕೊನೇ ಸಲ ನಂಗಿಂತ ಮುಂದೆ ನಾಲ್ಕು ಜನ ಇದ್ರು," ಎಂದ ಅವನು. "ಅವ್ರು ಅಕ್ಷರ ಓದೋದನ್ನ ಬಾಗಿಲಾಚೆ ನಿಂತು ಬಾಯಿಪಾಠ ಮಾಡ್ದೆ. ಇನ್ನೊಂದು ವರ್ಷ ಸರ್ವೀಸ್ ಬಾಕಿ ಇತ್ತು ಅಷ್ಟೇ. ಬೋಟಿಗಾದ್ರೆ ಯಾರೂ ಏನೂ ಕೇಳಲ್ಲ."

ಒಂದು ವರ್ಷ. ದಿನಕ್ಕೆ ಆರು ಟ್ರಿಪ್ಪು. ಐವತ್ತೆರಡು ಸೀಟು, ನಿಂತವರು ಬೇರೆ. ಅವಳು ಬೇಡವೆಂದರೂ ತಲೆಗಳು ಎಣಿಕೆಗೆ ಬಂದು ನಿಂತವು: ಆಸ್ಪತ್ರೆಗೆ ಹೋಗುವ ಬಸುರಿ, ಹಾಲಿನ ಕ್ಯಾನಿನವನು, ಮೂರನೆಯ ಸೀಟಿನಲ್ಲಿ ದಿನಾ ನಿದ್ದೆ ಮಾಡುತ್ತಿದ್ದ ಮಾಸ್ತರು. ಅವರೆಲ್ಲರ ಟಿಕೆಟ್ ಹರಿದುಕೊಟ್ಟು, ಅವರೆಲ್ಲರ ಪರವಾಗಿ ರೈಟ್ ಅಂದವಳು ಅವಳೇ.

ಆಮೇಲೆ ಇನ್ನೊಂದು ನೆನಪಾಯಿತು. ಇಪ್ಪತ್ತಾರು ವರ್ಷ ಅವಳು ನಿಲ್ಲುತ್ತಿದ್ದದ್ದು ಹಿಂದಿನ ಬಾಗಿಲಲ್ಲಿ. ಕೊನೆಯ ವರ್ಷ ಒಂದು ದಿನ ಅವನು ಇಡೀ ಬಸ್ಸಿಗೆ ಕೇಳಿಸುವ ಹಾಗೆ ಕರೆದಿದ್ದ, "ಅಲ್ಲಿ ಗಾಳೀಲಿ ನಿಂತು ಏನ್ ಮಾಡ್ತೀಯ? ಮುಂದೆ ಬಾ, ಮಾತಾಡ್ಕೊಂಡು ಹೋಗೋಣ." ಪ್ರಯಾಣಿಕರು ಕೆಮ್ಮಿದ್ದರು. ಮಾಸ್ತರು ನಿದ್ದೆಯಿಂದ ಎದ್ದು, ತಲೆ ನರೆತ ಮೇಲೆ ಹೊಸ ಮದುವೆ ಎಂದು ಚುಡಾಯಿಸಿದ್ದರು. ಆ ವರ್ಷವೆಲ್ಲ ಅವಳು ಮುಂದಿನ ಬಾಗಿಲ ಬಳಿ, ಅವನ ಎಡಗಡೆ ನಿಂತು ಬಾಯಿಗೆ ಬಂದದ್ದು ಮಾತಾಡಿದ್ದಳು. ಆ ಸೈಕಲ್ಲಿನವನು ನೋಡಿ ಹೇಗೆ ಹೊಡೀತಿದಾನೆ. ಅಯ್ಯೋ, ಮುದುಕಿ ದಾಟ್ತಿದಾಳೆ, ಪಾಪ. ಸೇತುವೆ ಹತ್ರ ಲಾರಿ ಕೆಟ್ಟು ನಿಂತಿದೆ ಕಣ್ರೀ. ಅವನು ಹ್ಞೂಂ ಹ್ಞೂಂ ಎಂದು ಕೇಳುತ್ತಿದ್ದ. ತನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳುವ ಗಂಡಸು ಇನ್ನೊಬ್ಬನಿಲ್ಲ ಎಂದು ಅವಳಿಗೆ ಆಗ ಒಳಗೊಳಗೇ ಜಂಬವಿತ್ತು.

"ಅದಕ್ಕೇನಾ ಮುಂದೆ ಕರ್ದಿದ್ದು?"

ಅವನು ಮುಖ ಓರೆಮಾಡಿ ಅವಳ ಕಿವಿಯ ಕಡೆ ನೋಡಿದ.

"ಅದಕ್ಕೂ," ಎಂದ.

ಹೊರಗೆ ಕೊಕ್ಕರೆ ಧಕ್ಕೆಯ ಹಲಗೆ ಕುಟ್ಟುತ್ತಿದ್ದ. ನೀರು ಮೇಲಿನ ಮೆಟ್ಟಿಲು ಬಿಟ್ಟು ಇಳಿದಿತ್ತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಇವತ್ತು ಹೊರಡುವುದಿಲ್ಲ, ಅಮಾವಾಸ್ಯೆವರೆಗೆ ಇರುತ್ತೇವೆ, ದಿನಕ್ಕೆ ಎಷ್ಟು ಎಂದು ಕೇಳಿದಳು. ಎಂಬತ್ತು ಎಂದ. ಹದಿನೈದು ದಿನ ಒಟ್ಟಿಗಾದರೆ ಅರವತ್ತು ಎಂದಳು. ಕೊಕ್ಕರೆ ಒಪ್ಪಿದ, ಆದರೆ ರಿಪೇರಿ ಜಾಗ ಈಗಲೇ ಖಾಲಿಮಾಡಬೇಕು, ಇನ್ನೊಂದು ದೋಣಿ ಕಾಯುತ್ತಿದೆ, ಆ ಒಳಗಿನ ನೀಲಿ ಕಂಬಕ್ಕೆ ಕಟ್ಟಿಕೊಳ್ಳಿ ಎಂದ. ಮೂವತ್ತು ಮಾರು ದೂರ, ನಡುವೆ ಆ ಮುರುಕು ಕಂಬ.

"ಏಳಿ," ಎಂದಳು ಗಂಡನಿಗೆ.

"ನಿಂಗೆ ಬರಲ್ಲ."

"ಬರೋವರೆಗೆ ಈ ಬೋಟು ಈ ಊರು ಬಿಡಲ್ಲ."

ಅವನು ಎದ್ದ. ಅವಳು ಕೂತಳು. ಸೀಟು ಬಿಸಿಯಾಗಿತ್ತು. ಕಂಡಕ್ಟರುಗಳಿಗೆ ಸೀಟು ಅಂತ ಒಂದಿದ್ದರೂ ಕೂರಲು ಪುರಸೊತ್ತಿರುವುದಿಲ್ಲ. ಚುಕ್ಕಾಣಿಯ ಹಿಂದೆ ಕೂತರೆ ಲೋಕ ಇಷ್ಟು ಅಗಲ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಕೊಕ್ಕರೆ ಹಗ್ಗ ಬಿಚ್ಚಿ ಎಸೆದ. ಎಂಜಿನ್ ಶುರುವಾಯಿತು. ಅವಳು ಹಾಗೇ ಕೂತಿದ್ದಳು.

"ಇನ್ನೇನು?" ಎಂದ ಅವನು.

"ಕಂಡಕ್ಟರ್ ಹೇಳದೆ ಗಾಡಿ ಹೊರಡಲ್ಲ."

ಬೋಟು ಮೆಲ್ಲಗೆ ಧಕ್ಕೆಯಿಂದ ಸರಿಯುತ್ತಿತ್ತು. ಅವನು ಕಾಲು ಅಗಲವಾಗಿ ಊರಿ ನಿಂತ.

"ರೈಟ್," ಎಂದ ಡ್ರೈವರ್. ಗಾಡಿ ಹೊರಡಿಸಲೆಂದು ಜೀವಮಾನದಲ್ಲಿ ಅವನು ಆ ಮಾತು ಅಂದದ್ದು ಅದೇ ಮೊದಲು; ಸಣ್ಣಗೆ ಬಂತು.

ಅವಳು ಹೊರಟಳು. ಹೇಳಿದ ಮಾತು ಕೇಳದ ಎಮ್ಮೆಯ ಹಾಗೆ ಬೋಟು ಮೊದಲು ಎಡಕ್ಕೆ ಹೋಯಿತು. ಧಕ್ಕೆಯ ಮೇಲಿನಿಂದ "ರೈಟ್! ರೈಟ್!" ಎಂದು ಕೂಗು. ಅವಳ ಮೈಯೆಲ್ಲ ಹೋಗು ಎಂದಿತು. ಕಣ್ಣು ಕೆಂಪು ಟವೆಲ್ ನೋಡಿತು. ಬಲಕ್ಕೆ ತಿರುಗಿಸಿದಳು. ಪಕ್ಕದಲ್ಲಿ ನಿಂತ ಅವನು ಎದುರಿನದು ಕಾಣದೆಯೇ ಕಾಲಡಿಯ ನಡುಕದಿಂದ ತಿಳಿದುಕೊಂಡು, ಅಷ್ಟು ಸಾಕು, ಇನ್ನು ವಾಪಸು ತಾ, ಹಾಗೇ ಬಿಡು, ಅದೇ ಬರುತ್ತೆ ಎನ್ನುತ್ತಿದ್ದ. ಮುರುಕು ಕಂಬ ಬಿಟ್ಟುಹೋಯಿತು. ನೀಲಿ ಕಂಬ ಇನ್ನೂ ದೂರವಿದೆ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ, ಕಲ್ಲಿಗೆ ನೀರು ಬಡಿಯುವ ಸದ್ದು ಕೇಳಿ ಅವನು "ಹೋಲ್ಡಾನ್" ಎಂದ. ಎಂಜಿನ್ ನಿಲ್ಲಿಸಿದಳು. ಬೋಟು ಕಂಬಕ್ಕೆ ಕೆನ್ನೆ ಉಜ್ಜಿ ನಿಂತಿತು. ಬಡಗಿಯ ಹೊಸ ಬಣ್ಣ ಒಂದು ಗೇಣು ಕಿತ್ತುಹೋಯಿತು.

ಅವಳು ಹಗ್ಗ ಕಟ್ಟಿ ಒಳಗೆ ಬರುವಾಗ ಅವನು ತಡವಿಕೊಂಡು ಫ್ರೇಮನ್ನು ಮೊಳೆಯಿಂದ ಇಳಿಸುತ್ತಿದ್ದ. ಅವಳು ಬೇಡ ಅನ್ನಲಿಲ್ಲ. ಚಮಚಗಳ ಡ್ರಾಯರಿನಲ್ಲಿ ಅದನ್ನು ಬೋರಲು ಹಾಕಿ ಮುಚ್ಚಿದ. ಅವಳು ಒಲೆ ಹಚ್ಚಿ ಟೀಗೆ ಇಟ್ಟಳು. ಎರಡು ಲೋಟಕ್ಕೂ ತಾನೇ ಬಗ್ಗಿಸಿ, ಒಂದನ್ನು ಅವನ ಕೈಗೆ ಕೊಟ್ಟಳು. ಹೊರಗೆ ನೀರು ಇಳಿಯುತ್ತ, ಮುರುಕು ಕಂಬದ ತಲೆ ಬಿಸಿಲಿಗೆ ಕಪ್ಪಗೆ ಎದ್ದಿತು.

ಆ ಊರಿನಲ್ಲಿ ಹೋದದ್ದು ಎರಡು ಹಲಗೆ, ಎರಡು ಸೀರೆ, ಹದಿನೈದು ದಿನ, ಗೋಡೆಯ ಮೇಲಿನ ಒಂದು ಫ್ರೇಮು. ಬಂದದ್ದು ಮೂವತ್ತು ಮಾರಿನಷ್ಟು ಬೋಟು ಓಡಿಸುವ ವಿದ್ಯೆ. ಮುಂದಿನ ಬಾಗಿಲ ಬಳಿ ನಿಂತ ಆ ವರ್ಷ ಹೋದದ್ದೋ ಉಳಿದದ್ದೋ ಎಂದು ಅವಳು ಲೆಕ್ಕ ಹಾಕಲಿಲ್ಲ.